ಮೂಸ್ ನದಿಗೆ ಹೋದ ಬೇಸಿಗೆ

ಪರದೇಶದಲ್ಲಿ, ನಾವಿನ್ನೂ ರೆಕ್ಸ್‌ಡೇಲ್‌ನ ಬಾಡಿಗೆ ಮನೆಯಲ್ಲಿದ್ದ ಕಾಲ ಅದು. ಬೇಸ್‌ಮೆಂಟಿನ ಕೋಣೆಯಲ್ಲಿ ನಾನೂ ಆಯಿಯೂ ಮಲಗುತ್ತಿದ್ದೆವು. ಆಯಿ ಅಂದರೆ ಅಪ್ಪನ ತಾಯಿ, ಧಾರವಾಡದವಳು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಜೊತೆಗೇ ಇದ್ದಳು. ಅಪ್ಪ, ಅವ್ವ ಇಬ್ಬರೂ ಶಿಫ್ಟಿಗೆ ಹೋದರೆ, ಸಾಲಿಯಿಂದ ಬಂದ ನನಗೆ ಬಾಗಿಲು ತೆಗೆಯುವವಳು ಅವಳೇ. ಒಳಗೆ ಕಾಲಿಟ್ಟರೆ ಹುರಿದ ಶೇಂಗಾದ ವಾಸನೆ, ಅವಳು ಮೊಣಕಾಲಿಗೆ ತಿಕ್ಕಿಕೊಂಡ ನೀಲಗಿರಿ ಎಣ್ಣೆಯ ವಾಸನೆ. ಸಂಜೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಹುಣಸೆಬೀಜ ಎಸೆದು ಆಡುತ್ತಿದ್ದೆವು. ನಾನು ಇಂಗ್ಲಿಷಿನಲ್ಲಿ ಜಗಳ ತೆಗೆದರೆ ಅವಳು ಕನ್ನಡದಲ್ಲಿ ಗೆಲ್ಲುತ್ತಿದ್ದಳು.

ಅಪ್ಪ ಎಲೆಕ್ಟ್ರಿಶಿಯನ್. ನಾನು ಹುಟ್ಟುವ ಮೊದಲು ಕೆಲಕಾಲ ಉತ್ತರದ ಕಾಡಿನಲ್ಲಿ, ಮೂಸ್ ನದಿಯನ್ನು ಸೇರುವ ಒಂದು ಹೊಳೆಯ ವಿದ್ಯುತ್ ಕೇಂದ್ರದಲ್ಲಿ ದುಡಿದಿದ್ದ. ಊಟಕ್ಕೆ ಕೂತರೆ ಆ ನದಿಯದೇ ಮಾತು. ನಮ್ಮ ಕಡೆಯ ನದಿಗಳಂತಲ್ಲ, ಇದು ಉತ್ತರಕ್ಕೆ ಹರಿಯುತ್ತದೆ, ಮೂರ್ನಾಲ್ಕು ಹೊಳೆಗಳನ್ನು ಕೂಡಿಸಿಕೊಂಡು ಮಂಜಿನ ಸಮುದ್ರಕ್ಕೆ ಬೀಳುತ್ತದೆ ಅನ್ನುತ್ತಿದ್ದ. ಒಂದು ದಿನ ಕರೆದುಕೊಂಡು ಹೋಗುತ್ತೇನೆ ಅಂತ ಪ್ರತಿ ವರ್ಷ ಹೇಳುತ್ತಿದ್ದ.

ನಾನು ಐದನೇ ಗ್ರೇಡ್ ಮುಗಿಸಿದ ಬೇಸಿಗೆಯಲ್ಲಿ ಆ ದಿನ ಬಂತು. ನಾವಿಬ್ಬರೇ ಹೋಗುವುದೆಂದಾಯಿತು. ಅವ್ವನಿಗೆ ರಜೆ ಇಲ್ಲ, ಆಯಿಗೆ ಅಷ್ಟು ದೂರ ಕೂರಲಾಗುವುದಿಲ್ಲ. ಆಯಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು. ನನ್ನ ತಲೆಗೆ ಎಣ್ಣೆ ಹಚ್ಚಿ ಹೆಣೆದ ಜಡೆಯನ್ನು ಬಿಚ್ಚಿ ಮತ್ತೊಮ್ಮೆ ಹೆಣೆದಳು. ಸರಿ ಬಂದಿಲ್ಲ ಅಂದಳು. ಬರುವಾಗ ಒಂದು ಬಾಟಲಿ ಹೊಳೆಯ ನೀರು ತರುತ್ತೇನೆಂದೆ. 'ಅಪ್ಪನ ಕೈ ಬಿಡಬ್ಯಾಡವಾ' ಅಂದಳು, ಅಷ್ಟೇ.

ಇಡೀ ದಿನ ಕಾರು, ಮರುದಿನ ರೈಲು. ರಸ್ತೆ ಮುಗಿದ ಮೇಲೂ ರೈಲು ಹೋಗುತ್ತಲೇ ಇತ್ತು. ಕೊನೆಯ ಸ್ಟೇಷನ್ನಿನ ಹತ್ತಿರವೇ ನದಿ, ಹಾಲು ಹಾಕದ ಚಹಾದ ಬಣ್ಣ, ಆಚೆ ದಂಡೆ ಗೆರೆಯಷ್ಟು ಸಣ್ಣಗೆ. ಅಲ್ಲಿ ಟ್ಯಾಕ್ಸಿ ಅಂದರೆ ಮೋಟಾರು ಹಚ್ಚಿದ ಉದ್ದನೆಯ ದೋಣಿ. ನಮ್ಮ ದೋಣಿ ನಡೆಸಿದವಳು ಅಲ್ಲಿಯ ಮೂಲನಿವಾಸಿಗಳಾದ ಕ್ರೀ ಜನರ ಒಬ್ಬ ಹೆಂಗಸು. ದೋಣಿಯಲ್ಲಿ ಅಕ್ಕಿ ಚೀಲ, ಡೈಪರಿನ ಕಟ್ಟು, ನದಿಯ ನಡುವಿನ ದ್ವೀಪದ ಆಸ್ಪತ್ರೆಗೆ ಹೊರಟ ಒಬ್ಬ ಮುದುಕ. ಹಿಂದೆ ಇದೇ ನೀರಿನಲ್ಲಿ ತುಪ್ಪಳದ ಚರ್ಮ ಹಡಗಿಗೆ ಹೋಗುತ್ತಿತ್ತಂತೆ. ಚಳಿಗಾಲದಲ್ಲಿ ಹೊಳೆ ಗಟ್ಟಿಯಾಗಿ, ಅದರ ಮೇಲೆಯೇ ಟ್ರಕ್ಕುಗಳು ಓಡುತ್ತವಂತೆ. ಅವಳು ನಮ್ಮನ್ನು ನದಿ ಅಗಲವಾಗಿ ಆಕಾಶಕ್ಕೆ ಕೂಡುವವರೆಗೂ ಕರೆದೊಯ್ದಳು. ನಾನು ಬೆರಳದ್ದಿ ನೆಕ್ಕಿದೆ. ಉಪ್ಪು. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಆಯಿಗೆ ಹೇಳಬೇಕಿತ್ತು. ಫೋನ್ ಮಾಡು ಅಂದರೆ ಅಪ್ಪ, ಆಯಿ ಮಲಗ್ಯಾಳ ಅನ್ನುತ್ತಿದ್ದ. ತಾನು ಮಾತ್ರ ಹೋಟೆಲಿನ ಹೊರಗೆ ಹೋಗಿ ಅವ್ವನ ಜೊತೆ ಸಣ್ಣ ದನಿಯಲ್ಲಿ ಮಾತಾಡಿ ಬರುತ್ತಿದ್ದ.

ಮನೆಗೆ ಬಂದಾಗ ಮಧ್ಯಾಹ್ನ. ಬಾಟಲಿ ಹಿಡಿದು ಬೇಸ್‌ಮೆಂಟಿಗೆ ಓಡಿದೆ. ಆಯಿಯ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಕಪಾಟಿನಲ್ಲಿ ಒಂದು ಸೀರೆಯೂ ಇರಲಿಲ್ಲ. ನೆಲ ತೊಳೆದಿದ್ದರು. ಮೇಲೆ ಬಂದು ಆಯಿ ಎಲ್ಲಿ ಅಂತ ಕೇಳಿದೆ.

'ಹುಬ್ಬಳ್ಳಿಗೆ ಹೋದ್ಲು, ಕಾಕಾನ ಮನಿಗೆ' ಅಂದಳು ಅವ್ವ. ಬೆಳಗಾವಿಯ ಪರಿಚಯದವರು ಊರಿಗೆ ಹೊರಟಿದ್ದರಂತೆ, ಅವರ ಜೊತೆ ಕಳಿಸಿದ್ದರು. ನಾವು ಹೊರಟ ಮರುದಿನವೇ.

ಅಪ್ಪನ ಕಡೆ ತಿರುಗಿದೆ. ಅವನು ಬಾಗಿ ಶೂ ಬಿಚ್ಚುತ್ತಿದ್ದ.

'ನೀ ಅಳ್ತಿದ್ದಿ. ಅದಕ್ಕ' ಅಂದ, ತಲೆ ಎತ್ತದೆ.

ಆಯಿಯ ಮೊಣಕಾಲು ಇಲ್ಲಿಯ ಥಂಡಿ ತಡೆಯುತ್ತಿರಲಿಲ್ಲ, ವಸಂತದಲ್ಲೇ ಟಿಕೆಟ್ ತೆಗೆದಾಗಿತ್ತಂತೆ. ಆ ದೊಡ್ಡ ನದಿ, ರೈಲು, ದೋಣಿ, ಎಲ್ಲವೂ ನನ್ನನ್ನು ಮನೆಯಿಂದ ಹೊರಗಿಡಲಿಕ್ಕೆ.

ಪಾಪ, ಆಯಿಯನ್ನೂ ಹೀಗೇ ಮೋಸ ಮಾಡಿ ವಿಮಾನ ಹತ್ತಿಸಿರಬೇಕು ಅಂದುಕೊಂಡೆ. ಆ ವಾರವೇ ಫೋನಿನಲ್ಲಿ ಸಿಕ್ಕಳು. ಅವರು ನಿನಗೂ ಹೇಳಿರಲಿಲ್ಲವಾ ಅಂತ ಕೇಳಿದೆ.

'ನಾನೇ ಹೇಳಿದ್ದೆ ತಂಗಿ, ಅಕೀಗೆ ಹೇಳಬ್ಯಾಡ್ರಿ ಅಂತ. ನೀ ಬಾಗಲದಾಗ ನಿಂತಿದ್ರ ನನಗ ಹೊಸ್ತಿಲಾ ದಾಟೂದು ಆಗ್ತಿದ್ದಿಲ್ಲ.'

ಫೋನನ್ನು ಅವ್ವನ ಕೈಗೆ ಕೊಟ್ಟು ಕೆಳಗೆ ಹೋದೆ. ಅಪ್ಪ, ಅವ್ವ ಇಬ್ಬರನ್ನೂ ಸಿಟ್ಟಿನಿಂದ ನೋಡಬಹುದಿತ್ತು. ಮೂರನೆಯವಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದೆವು, ಊಟ ಆಯ್ತಾ, ಸಾಲಿ ಹೆಂಗೈತಿ ಅಂತ. ಊರಿಗೆ ಹೋಗುವುದು ಒಂದೊಂದೇ ವರ್ಷ ಮುಂದಕ್ಕೆ ಹೋಯಿತು. ನಾವು ಹೋಗುವ ಮೊದಲೇ ಆಯಿ ತೀರಿಕೊಂಡಳು.

ಈಗ ಅಪ್ಪ ಅವ್ವ ಇಲ್ಲೇ ವಿಟ್ಬಿ ಅನ್ನುವ ಊರಿನಲ್ಲಿದ್ದಾರೆ. ಭಾನುವಾರ ನಮ್ಮ ಕಡೆಯವರು ಊಟಕ್ಕೆ ಬಂದರೆ ಅಪ್ಪ ಇವತ್ತಿಗೂ ಆ ಕಥೆ ಹೇಳುತ್ತಾನೆ, ಮಗಳನ್ನು ಉತ್ತರದ ಸಮುದ್ರದವರೆಗೂ ಕರೆದುಕೊಂಡು ಹೋದ ಕಥೆ. ಅವನು ಹೇಳುವುದರಲ್ಲಿ ಒಂದು ಮಾತೂ ಸುಳ್ಳಲ್ಲ. ಎಲ್ಲರೂ ನನ್ನ ಮುಖ ನೋಡುತ್ತಾರೆ, ನಾನು ಹೌದು ಅನ್ನುತ್ತೇನೆ. ಆಗ ನನ್ನಿಂದ ಮುಚ್ಚಿಟ್ಟ ಕಾರಣ ನನಗೂ ಅರ್ಥವಾಗಿದೆ. ಆದರೆ ಇಂದಿಗೂ ಯಾರಾದರೂ ನನಗೆ ಸಂತೋಷದ ಸುದ್ದಿ ತಂದರೆ, ಮೊದಲು ಮನೆಯಲ್ಲಿ ಎಲ್ಲರೂ ಇದ್ದಾರೆಯೇ ಅಂತ ನೋಡುತ್ತೇನೆ.