ರೇಣುಕಪ್ಪ ತಿರುಗಿಸಿದ ಸುಣ್ಣದ ಗಾಲಿ

ಮುತ್ತಿನಕೊಪ್ಪದ ಹಿಟ್ಟಿನ ಗಿರಣಿ ರೇಣುಕಪ್ಪನ ಬಾಯಿಂದ ಸತ್ಯ ಒಂಟಿಯಾಗಿ ಹೊರಬಿದ್ದದ್ದನ್ನು ಕಂಡವರಿಲ್ಲ. ಜೊತೆಗೆ ಹುಲಿಯೋ ಆನೆಯೋ ಇರಲೇಬೇಕು. ಅವನ ಗಿರಣಿಯ ಗಾಳಿಗೆ ನರಸಿಂಹರಾಜಪುರದಲ್ಲಿ ಒಣಹಾಕಿದ ಪಂಚೆ ಹಾರಿಹೋಗುತ್ತಿತ್ತಂತೆ.

ಎರಡು ಸಾವಿರದ ಏಳರಲ್ಲಿ ಅವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಅದನ್ನೂ ಅವನು ಬಡಾಯಿಗೆ ಬಳಸದೆ ಬಿಡಲಿಲ್ಲ. "ನನ್ನ ರಕ್ತ ವಾರಕ್ಕೆರಡು ಸಲ ಮೈಬಿಟ್ಟು ತಿರುಗಾಡಿ ಬರ್ತದೆ. ನಿಮ್ಮದು ಹುಟ್ಟಿದಲ್ಲೇ ಬಿದ್ದಿದೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಮೆರೆದ.

ತೊಂದರೆ ಬಂದದ್ದು ಆ ತಿರುಗಾಟದಲ್ಲೇ. ಹೊರಗೆ ಕಾಲಿಟ್ಟ ರಕ್ತಕ್ಕೆ ಪ್ಲಾಸ್ಟಿಕ್ಕಿನ ಪರಿಚಯವಿಲ್ಲ, ಕಂಡೊಡನೆ ಹೆಪ್ಪುಗಟ್ಟಲು ಹೊರಡುತ್ತದೆ. ತಡೆಯಲು ಹೆಪಾರಿನ್ ಕೊಡುವುದು ವಾಡಿಕೆ. ಆದರೆ ರೇಣುಕಪ್ಪನ ಹೊಟ್ಟೆಯ ಹುಣ್ಣಿನಿಂದ ಆಗಲೇ ರಕ್ತ ಒಸರುತ್ತಿತ್ತು, ಹೆಪಾರಿನ್ ಕೊಟ್ಟರೆ ಅದು ನಿಲ್ಲುವಂತಿಲ್ಲ. ಡಾಕ್ಟರು ಸಿಟ್ರೇಟ್ ಹಾಕೋಣ ಎಂದರು.

"ಲಿಂಬೆಹುಳಿಯ ನೆಂಟ ಇದು" ಎಂದಳು ನರ್ಸ್ ಮೇಘನ. "ಯಂತ್ರಕ್ಕೆ ಹೋಗೋ ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಕೊಳ್ತದೆ, ರಕ್ತ ಹೆಪ್ಪುಗಟ್ಟೋದಿಲ್ಲ. ವಾಪಸ್ ಬರುವಾಗ ಈ ಬಾಟ್ಲಿಯಿಂದ ಕ್ಯಾಲ್ಸಿಯಂ ಕೊಡ್ತೀವಿ."

"ಅಂದ್ರೆ ಸುಣ್ಣ ಅನ್ನಿ."

"ಹಾಗೇ ಅಂದ್ಕೊಳ್ಳಿ. ತುಟಿ ಜುಮುಗುಟ್ಟಿದ್ರೆ ತಕ್ಷಣ ಹೇಳ್ಬೇಕು."

ಅರ್ಧ ಗಂಟೆಯಲ್ಲಿ ತುಟಿ ಜುಮುಗುಟ್ಟಿತು. ಐವತ್ತು ವರ್ಷ ಎಲೆಅಡಿಕೆ ಜಗಿದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತುಟಿ ಚುರುಗುಟ್ಟಿದರೆ ಸುಣ್ಣ ಜಾಸ್ತಿ! ಹೆಂಡತಿ ಅನ್ನಪೂರ್ಣಮ್ಮ ಎಲೆ ಮಡಿಸಿದಾಗಲೂ ಹೀಗೇ ಆಗುತ್ತಿತ್ತು. ಅದೂ ಅಲ್ಲದೆ ಗಿರಣಿಯವನ ಕೈ, ಯಾವ ಯಂತ್ರದ ಮುಂದೆಯೂ ಸುಮ್ಮನಿರದು. ಕ್ಯಾಲ್ಸಿಯಂ ನಳಿಗೆಯ ಮೇಲೆ ಹನಿಯ ವೇಗ ತಿದ್ದುವ ಪುಟ್ಟ ಗಾಲಿಯನ್ನು ಯಾರಿಗೂ ಕಾಣದಂತೆ ತುಸು ಬಿಗಿ ಮಾಡಿದ. ಜುಮು ಹೆಚ್ಚಿತು. ಇನ್ನಷ್ಟು ಬಿಗಿ ಮಾಡಿದ. ಬಾಟಲಿಯ ಹನಿ ನಿಂತೇಹೋಯಿತು.

ವಿಭೂತಿ ಹಿಡಿದವರ ಹಾಗೆ ಬೆರಳುಗಳೆಲ್ಲ ಕೂಡಿಕೊಂಡು ಸೆಟೆದವು. ಬಿಚ್ಚಲು ಬರಲಿಲ್ಲ.

"ಸಿಸ್ಟರ್, ಆನೆ ಸೊಂಡ್ಲಲ್ಲಿ ಕೈ ಸುತ್ಕೊಂಡಿದೆ!"

"ಹೋದ ಸಲ ಹುಲಿ ಬಂದಿತ್ತಲ್ಲ ಮಾರಾಯ್ರೇ?" ಪಕ್ಕದ ಹಾಸಿಗೆಯವರ ಬಿಪಿ ನೋಡುತ್ತಿದ್ದ ಮೇಘನ ತಿರುಗಲೂ ಇಲ್ಲ.

ಸೆಳೆತ ಮೊಣಕೈಗೇರಿತು. ರೇಣುಕಪ್ಪ ತನ್ನ ಕಾಡನ್ನೆಲ್ಲ ಜಾಲಾಡಿದ. ಹೊತ್ತಿಗೆ ಒದಗುವ ಒಂದು ಪ್ರಾಣಿಯೂ ಸಿಗಲಿಲ್ಲ. ಕಡೆಗೆ, ಅರವತ್ತೆರಡು ವರ್ಷದಲ್ಲಿ ಮೊದಲ ಸಲ, ಬರೀ ಮಾತು ಹೊರಬಂತು.

"ಸಿಸ್ಟರ್, ಸುಣ್ಣದ ಗಾಲಿ ನಾನೇ ತಿರುಗಿಸ್ದೆ. ಕೈ ಬಿಚ್ಚಲಿಕ್ಕಾಗ್ತಿಲ್ಲ. ಹೆದರಿಕೆ ಆಗ್ತದೆ."

ಮೇಘನ ಬಿಪಿ ಯಂತ್ರ ಬಿಟ್ಟು ಹಾರಿಬಂದಳು. ಸಿಟ್ರೇಟ್ ನಿಲ್ಲಿಸಿ, ಡಾಕ್ಟರನ್ನು ಕೂಗಿದಳು. ಇಬ್ಬರೂ ಸೇರಿ ಕ್ಯಾಲ್ಸಿಯಂ ಮೆಲ್ಲಗೆ ಒಳಬಿಟ್ಟರು. ಹತ್ತು ನಿಮಿಷಕ್ಕೆ ಬೆರಳು ಒಂದೊಂದಾಗಿ ಬಿಚ್ಚಿದವು.

"ತುಟಿ ಜುಮುಗುಟ್ಟೋದು ಕ್ಯಾಲ್ಸಿಯಂ ಕಡಿಮೆಯಾದಾಗ! ಇದೇನು ನಿಮ್ಮನೆ ಎಲೆಅಡಿಕೆ ತಟ್ಟೆಯಾ?" ಎಂದು ಮೇಘನ ರೇಗಿದಳು.

ರೇಣುಕಪ್ಪ ಹುಲಿ, ಆನೆ ಯಾವುದನ್ನೂ ಕರೆಯದೆ "ತಪ್ಪಾಯ್ತು" ಎಂದ. ಮುತ್ತಿನಕೊಪ್ಪದಲ್ಲಿ ಇದನ್ನು ಇವತ್ತಿಗೂ ಯಾರೂ ನಂಬುವುದಿಲ್ಲ.

ಮುಂದಿನ ಸಲ ಆ ಗಾಲಿಗೆ ಕಾಲು ಮುರಿದವರಿಗೂ ಸುತ್ತದಷ್ಟು ಪ್ಲಾಸ್ಟರ್ ಸುತ್ತಿದ್ದರು. ರೇಣುಕಪ್ಪ ಅದರತ್ತ ಕೈ ಚಾಚದೆ ಮಲಗಿದ್ದ, ಕೊನೆಗೆ ಮೆಲ್ಲಗೆ "ಸಿಸ್ಟರ್, ಬಾಯಾರಿಕೆ" ಎಂದ.

ಹುಲಿಯೂ ಇಲ್ಲ, ಆನೆಯೂ ಇಲ್ಲ, ಅಷ್ಟೇ! ಇಬ್ಬರು ನರ್ಸು, ಒಬ್ಬ ಡಾಕ್ಟರು ಚಪ್ಪಲಿ ಬಿಟ್ಟು ಓಡಿಬಂದರು. ನಾಡಿ, ಬಿಪಿ, ಗಾಲಿ ಎಲ್ಲ ನೋಡಿದ ಮೇಲೆ ಮೇಘನ ಡಯಾಲಿಸಿಸ್‌ನವರಿಗೆ ಲೆಕ್ಕ ಹಾಕಿ ಕೊಡುವ ಎರಡೇ ಚಮಚ ನೀರು ಕೊಟ್ಟು ಎದೆ ನೀವಿಕೊಂಡಳು. "ಸಣ್ಣ ವಿಷಯಕ್ಕೆಲ್ಲ ಒಂದು ಹುಲಿ ಸೇರಿಸಿಯೇ ಹೇಳಿ ಮಾರಾಯ್ರೇ, ಜೀವ ಹೋಯ್ತು ನಮ್ದು."

"ಆಗ್ಲಿ" ಎಂದ ರೇಣುಕಪ್ಪ ತುಟಿ ಒರೆಸಿಕೊಂಡು. "ಈ ನೀರನ್ನು ಹುಲಿ ಕುಡ್ಕೊಂಡು ಹೋಯ್ತು. ಇನ್ನೆರಡು ಚಮಚ ಕೊಡಿ."