ಕಣಕ್ಕೆ ಕಾಲಿಟ್ಟವರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನಾನಾಗ ಎಂಟನೆಯ ತರಗತಿಯಲ್ಲಿದ್ದೆನೋ ಒಂಬತ್ತರಲ್ಲೋ, ಖಾತ್ರಿಯಿಲ್ಲ. ಹಳೆಯ ಡೈರಿ ತೆಗೆದು ನೋಡಿದೆ; ಆ ವಯಸ್ಸಿನಲ್ಲಿ ಬರೆದದ್ದೆಲ್ಲ ಬರೀ ನನ್ನ ಬಗ್ಗೆ.

ಈಚೆಗೆ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತದ ಕಿರಾಣಿ ಅಂಗಡಿಯಲ್ಲಿ ನನ್ನ ಮುಂದಿನವರಿಗೆ ಧೂಪದ ರಾಳ ತೂಗುತ್ತಿದ್ದರು. ವಾಸನೆ ಬಡಿದದ್ದೇ ನನ್ನ ಬಲಗೈ ಬೆರಳುಗಳು ತಾವಾಗಿಯೇ ಅಗಲವಾದವು. ಶಾಲೆಯಲ್ಲಿ ಆಟ ಕಲಿಸುತ್ತಿದ್ದ ನಮ್ಮ ಬಾಯಾರು ರಾಳವನ್ನು ಶೇಂಗಾ ಎಣ್ಣೆಯಲ್ಲಿ ಕರಗಿಸಿ ಡಬ್ಬಿಯಲ್ಲಿ ತರುತ್ತಿದ್ದರು. ಬೆರಳಿಗೆ ಹಚ್ಚಿಕೊಂಡರೆ ಹ್ಯಾಂಡ್‌ಬಾಲ್ ಒಂದೇ ಕೈಗೆ ಅಂಟಿ ನಿಲ್ಲುತ್ತದೆ. ಸಂಜೆ ರೊಟ್ಟಿ ಬಡಿಯಲು ಕುಳಿತರೆ ಅವ್ವನ ಬೈಗುಳ: "ಕೈಯಾನ ಜಿಗಟ ಹೋಗೂಮಟ ಒಲಿ ಮುಂದ ಬರಬ್ಯಾಡ. ರೊಟ್ಟಿ ಹಂಚಿಗಿ ಬೀಳಬೇಕೋ, ನಿನ್ನ ಕೈಯಾಗ ಇರಬೇಕೋ?"

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತಾರೆ. ಇವರು ತಿಕೋಂಡಿ ಕಡೆಯವರು, ಜೀಪಿನಲ್ಲಿ ಬಂದುಹೋಗುತ್ತಿದ್ದರು. ರಾಜ್ಯದ ತಂಡಕ್ಕೆ ಆಡಿದ್ದರು. ಆಮೇಲೆ ಪುಣೆಯ ಒಂದು ತಂಡ ಅವರನ್ನು ಪಗಾರ ಕೊಟ್ಟು ಇಟ್ಟುಕೊಂಡಿತ್ತು. ಚೆಂಡು ಒಗೆದರೆ ಪಗಾರ ಕೊಡುತ್ತಾರೆಂಬುದನ್ನು ನಮ್ಮೂರಲ್ಲಿ ಯಾರೂ ನಂಬಲಿಲ್ಲ. ಸಿಮೆಂಟಿನ ಅಂಗಳದಲ್ಲಿ ಹಾರಿ ಬಿದ್ದು ಮೊಣಕಾಲು ಒಡೆದ ಮೇಲೆ ಆಟ ಮುಗಿಯಿತು. ನಮ್ಮ ಶಾಲೆಗೆ ಹಂಗಾಮಿ ಆಟದ ಶಿಕ್ಷಕಿಯಾಗಿ ಬಂದರು.

ಶಾಲೆಯ ಹಿಂದಿನ ಬಯಲು ಬರೀ ಗರಸುಕಲ್ಲು. ಬಿದ್ದರೆ ಚರ್ಮ ಕಿತ್ತು ಬರುತ್ತಿತ್ತು. ಹೆಡ್ ಸರ್ ಖಡಾಖಂಡಿತ ಹೇಳಿದರು: ಆಡಲು ಜಾಗವಿಲ್ಲದಿದ್ದರೆ ಹುಡುಗಿಯರ ತಂಡವಿಲ್ಲ, ತಂಡವಿಲ್ಲದಿದ್ದರೆ ನಿಮ್ಮ ಹುದ್ದೆಯೂ ಇಲ್ಲ. ಶಾಲೆಯ ಗೋಡೆಗೆ ಹತ್ತಿಕೊಂಡೇ ನಮ್ಮ ಕಾಕಾನ ಕಣವಿತ್ತು. ಸಗಣಿ ಸಾರಿಸಿ ಸಾರಿಸಿ ಒಪ್ಪವಾದ ನೆಲ. ಮಷೀನು ಬಂದಮೇಲೆ ಜೋಳದ ರಾಶಿ ಹೊಲದಲ್ಲೇ ಆಗುತ್ತಿತ್ತು, ಕಣ ಖಾಲಿ. ಬಾಯಾರು ನೇರ ನಮ್ಮ ಮನೆಗೇ ಬಂದರು.

"ಕಣಾ ಅಂದ್ರ ಲಕ್ಷ್ಮಿ ಕುಂದ್ರೂ ಜಾಗಾರಿ ಬಾಯಾರ," ಅಂದ ಕಾಕಾ. "ಹೆಣ್ಣುಹುಡಗ್ಯಾರು ಎಲ್ಲಾ ದಿನಾ ಅಲ್ಲಿ ಕಾಲ ಇಡೂ ಹಂಗಿಲ್ಲ. ನಿಮಗ ಗೊತ್ತ ಇಲ್ಲದ್ದೇನು?"

"ನಮ್ಮ ಆಟದಾಗೂ ಕಾಲ ಇಡಬಾರದ ಜಾಗಾ ಒಂದ ಐತ್ರಿ ಅಣ್ಣಾರ, ಗೋಲಿನ ಮುಂದ. ಅದಕ್ಕ ನಾವು ಗೆರಿ ಹೊರಗಿಂದ ಹಾರಿ, ಗಾಳ್ಯಾಗ ಇದ್ದಾಗನ ಚೆಂಡ ಒಗೀತೀವಿ."

"ಹಾರಿದಾವರು ಎಲ್ಲಿ ಬೀಳ್ತಾರ್ರಿ? ಆಕಾಶದಾಗೇನು?"

"ಬೀಳೂದ್ರಾಗ ಗೋಲ್ ಆಗಿರ್ತೈತ್ರಿ."

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದಳು. ಕಾಕಾ ನಗಲಿಲ್ಲ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮರುದಿನವೇ ನಾವು ಕಣದಲ್ಲಿ ಬೂದಿಯಿಂದ ಗೆರೆ ಎಳೆದೆವು.

ಒಂದು ವಾರ ಆಡಿರಬೇಕು. ಆಮೇಲೊಂದು ಬೆಳಿಗ್ಗೆ ಹೋಗಿ ನೋಡಿದರೆ ಕಣವೇ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ನೇಗಿಲು ಹೊಡೆದು ನೆಲ ಮಗುಚಿ ಹಾಕಿತ್ತು. ತಲೆಯಷ್ಟು ದೊಡ್ಡ ಹೆಂಟೆಗಳು. ನಮ್ಮ ಕ್ಯಾಪ್ಟನ್ ಅಳತೊಡಗಿದಳು. ನಾನು ಅತ್ತೆನೋ ಇಲ್ಲವೋ... ಕಾಕಾನ ಮನೆಯ ಹುಡುಗಿಯೆಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದುದು ಮಾತ್ರ ನೆನಪಿದೆ.

ಬಾಯಾರು ಚಪ್ಪಲಿ ಬಿಟ್ಟು ಉತ್ತ ನೆಲದೊಳಗೆ ನಡೆದು ಹೋದರು. "ತನ್ನ ಕಣಾ ತಾನ ಉತ್ತಾನಂದ್ರ ನಿಮಗೆಷ್ಟು ಅಂಜ್ಯಾನ ನೋಡ್ರಿ! ಯಾಕ ಅಳ್ತೀರಿ? ನಿನ್ನಿಮಟ ಇದು ಕಣಾ ಇತ್ತು. ಈಗ ಹೊಲಾ. ಹೊಲಕ್ಕ ಕಾಲ ಇಡಬ್ಯಾಡ ಅಂತ ಹೆಣ್ಣುಮಕ್ಕಳಿಗೆ ಯಾರರೆ ಅಂದಾರೇನು? ಕಸಾ ತೆಗ್ಯಾಕ ಯಾವ ದಿನಾನೂ ಕೇಳೂದಿಲ್ಲ!"

ಹಾಗೆಂದವರೇ ಚೆಂಡು ತೆಗೆದುಕೊಂಡು, ಹೊಲಿಗೆ ಬಿದ್ದ ಆ ಮೊಣಕಾಲಿನಲ್ಲೇ ಮುಂದಕ್ಕೆ ಹಾರಿ, ಎದೆ ಮುಂದಾಗಿ ಬೀಳುತ್ತಲೇ ಗೋಲಿಗೆ ಒಗೆದರು. ಮೈತುಂಬ ಮಣ್ಣು. ಗರಸಿನಲ್ಲಾಗಲಿ ಕಣದಲ್ಲಾಗಲಿ ನಮಗೆ ಎಂದೂ ಕಲಿಯಲಾಗದಿದ್ದ ಹೊಡೆತ ಅದು, ಬೀಳಲು ಅಂಜುತ್ತಿದ್ದೆವಲ್ಲ. ಅವತ್ತಿನಿಂದ ದಿನಾ ಬಿದ್ದೆವು. ಹೆಂಟೆ ಬಡಿದು ಪಕ್ಕೆಲುಬು ನೋಯುತ್ತಿದ್ದವು. ಆದರೂ ಬಿದ್ದೆವು.

ಮುಂದಿನದು ನಾನೇ ಕಟ್ಟಿಕೊಂಡದ್ದೋ ಏನೋ. ಒಂದು ಸೋಮವಾರ ಹೋದಾಗ ಹೆಂಟೆಗಳೇ ಇರಲಿಲ್ಲ. ಹೆಂಟೆ ಒಡೆಯುವ ಕುಂಟೆ ಹೊಡೆದು, ಕಲ್ಲು ಆರಿಸಿ ಬದುವಿಗೆ ಹಾಕಿ, ನೆಲ ಹಿಟ್ಟಿನ ಹಾಗಾಗಿತ್ತು. ನಮ್ಮ ಕ್ಯಾಪ್ಟನ್ ಈಗ ವಿಜಯಪುರದಲ್ಲಿದ್ದಾಳೆ, ಫೋನಿನಲ್ಲಿ ಕೇಳಿದರೆ, "ಕುಂಟಿ ಎಲ್ಲಿದು? ನಾವ ಬಿದ್ದ ಬಿದ್ದ ಹೆಂಟಿ ಒಡದ್ವಿ" ಎನ್ನುತ್ತಾಳೆ. ಅವಳದೇ ನಿಜವಿರಬಹುದು. ಆದರೆ ಬದುವಿನ ಮೇಲೆ ಒಟ್ಟಿದ್ದ ಕಲ್ಲು ನನ್ನ ಕಣ್ಣಮುಂದೆ ಇದೆ. ಬೀಳುವವರು ಕಲ್ಲು ಆರಿಸುವುದಿಲ್ಲ.

ತಾಲೂಕಿನ ಪಂದ್ಯದಲ್ಲಿ ನಾವು ಸೋತೆವು, ಚೆನ್ನಾಗಿಯೇ ಸೋತೆವು. ನಾನೊಂದು ಗೋಲು ಹೊಡೆದೆ, ಹೊಡೆದೆನೆಂದು ನೆನಪು. ಹೆಡ್ ಸರ್ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಬಾಯಾರು ಹೇಳಿದರು, "ಸೋತೀವಿ ಸರ್. ಆಡದಾವರಿಗೆ ಸೋಲಾಕೂ ಬರೂದಿಲ್ರಿ." ಬೇಸಿಗೆಯ ನಂತರ ಅವರ ಹುದ್ದೆ ಮುಂದುವರಿಯಲಿಲ್ಲ. ಆದರೂ ರವಿವಾರ ರವಿವಾರ ಜೀಪಿನಲ್ಲಿ ಬಂದು ಇಳಿಯುವುದನ್ನು ಬಿಡಲಿಲ್ಲ. ಯಾರು ಕರೆದರು ಎಂದು ಯಾರಾದರೂ ಕೇಳಿದರೆ, "ಕರದ್ರಷ್ಟ ಬರಾಕ ನಾ ಏನ ಬೀಗತಿ ಏನ್ರಿ?" ಎನ್ನುತ್ತಿದ್ದರು. ನಾನು ಕಾಲೇಜಿಗೆಂದು ಊರು ಬಿಟ್ಟ ಮೇಲೂ ಬರುತ್ತಿದ್ದರಂತೆ, ಹೊಸ ಹುಡುಗಿಯರಿಗಾಗಿ, ಕಾಲು ಎಳೆಯುತ್ತ.

ರಾಳದ ವಾಸನೆ ಬಡಿದ ಮರುವಾರ ಬಾಯಾರು ತೀರಿಹೋದ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದೆ. ಎಷ್ಟೋ ವರ್ಷ ಮುಖ ನೋಡಿರಲಿಲ್ಲ, ಒಂದು ಫೋನೂ ಮಾಡಿರಲಿಲ್ಲ. ಆ ಹೊತ್ತಿಗೆ ಮಾಡಬಹುದಾಗಿದ್ದು ಒಂದು ಹಿಡಿ ಮಣ್ಣು ಹಾಕುವುದು ಮಾತ್ರ.

ಅಲ್ಲಿಂದ ನೇರ ಕಾಕಾನ ಮನೆಗೆ ಹೋದೆ. ವಯಸ್ಸಾಗಿದೆ, ಕಿವಿ ಮಂದ. ಸುದ್ದಿ ಹೇಳಿದೆ. ಕಟ್ಟೆಯ ಮೇಲೆ ಕುಳಿತವನು, "ಭಾಳ ಜಿದ್ದಿನ ಹೆಣ್ಣಮಗಳು," ಅಂದ. ನೇಗಿಲು ಹೊಡೆದದ್ದು ತಾನೇ ಎಂಬುದನ್ನು ಅವನು ಯಾವತ್ತೂ ಮುಚ್ಚಿಟ್ಟವನಲ್ಲ. ಆದರೆ ಆ ವರ್ಷ ಅಲ್ಲಿ ಏನನ್ನೂ ಬಿತ್ತಲಿಲ್ಲ, ಆಮೇಲೂ ಬಿತ್ತಲಿಲ್ಲ, ಮತ್ತೆ ಕಣವನ್ನೂ ಮಾಡಲಿಲ್ಲ. ಕಿವಿಯ ಹತ್ತಿರ ಬಾಗಿ ಕೇಳಿದೆ.

"ಕಾಕಾ, ನೇಗಲಾ ಹೊಡದಾವ ನೀನ. ಕುಂಟಿ ಹೊಡದಾವ ಯಾರು?"