ಭೀಮಣ್ಣ ನಂಬಿದ ಲೆಕ್ಕ

ಪುಣೆಯ ಖರಾಡಿಯ ಐಟಿ ಪಾರ್ಕಿಗೆ ಹೋಗುವ ರಸ್ತೆಯೊಂದು ತಿರುವಿನಲ್ಲೇ ಹಳ್ಳ ದಾಟುವಲ್ಲಿ ಸಣ್ಣ ಸೇತುವೆಯಿದೆ. ಅದರ ಎಡದಂಡೆಯ ಪಾಯವನ್ನು ಎರಡು ಸಲ ಕಟ್ಟಲಾಗಿದೆ. ಮೊದಲನೆಯದನ್ನು ಒಡೆದ ಹೆಂಗಸರಲ್ಲಿ ಸಾಬವ್ವ ಒಬ್ಬರು. ಅದಕ್ಕೆ ಜಾಗ ಅಳೆದು ಗೂಟ ಹೊಡೆದವರು ಅವರ ಗಂಡ ಭೀಮಣ್ಣ.

ಭೀಮಣ್ಣ ಶಹಾಪುರದ ಕಡೆಯವರು. ಗಾರೆ ಹೊರಲು ಪುಣೆಗೆ ಬಂದರು. ಪಿಂಪ್ರಿಯ ರಸ್ತೆ ಕೆಲಸದಲ್ಲಿ ಅಳತೆಯ ಪಟ್ಟಿ ಹಿಡಿದು ನಿಲ್ಲಲು ಒಬ್ಬ ಆಳು ಬೇಕಾಗಿತ್ತು, ನಿಂತರು. ದೂರದಲ್ಲಿ ದುರ್ಬೀನಿನ ಹಿಂದಿರುವವನು ಕೈ ಆಡಿಸಿದಂತೆ ಎಡಕ್ಕೆ ಬಲಕ್ಕೆ ಸರಿಯುವುದಷ್ಟೇ ಕೆಲಸ. ವರ್ಷಗಳು ಕಳೆದು ದುರ್ಬೀನಿನ ಹಿಂದೆ ಅವರೇ ನಿಂತರು. ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯಲ್ಲಿ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಕೊಂಡರು. ಅದಕ್ಕೆ ಸಾಬವ್ವ ಹಳೆಯ ಸೀರೆಯಲ್ಲಿ ಚೀಲ ಹೊಲಿದರು. ಅದು ಸದಾ ಭೀಮಣ್ಣನ ಕೊರಳಲ್ಲಿ ತೂಗುತ್ತಿತ್ತು.

"ಎಮ್ಮಿ ಕೊರಳಾಗ ಗಂಟಿ," ಎನ್ನುತ್ತಿದ್ದ ಮಾಂತು.

ಮಾಂತು ಇಂಡಿ ಊರಿನ ಗುಮಾಸ್ತರೊಬ್ಬರ ಮಗ. ಡಿಪ್ಲೊಮಾ ಮುಗಿಸಿ ಖರಾಡಿಯ ಸೈಟಿಗೆ ಎರಡನೆಯ ಅಳತೆಗಾರನಾಗಿ ಬಂದವನು. ತಗಡಿನ ಆಫೀಸಿನ ಒಂದೇ ಕಂಪ್ಯೂಟರ್ ಅವನ ಕೈಯಲ್ಲಿತ್ತು. ರಸ್ತೆಯ ತಿರುವುಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಅದರಲ್ಲಿ ಬರೆದು, ಕೇಬಲ್ ಸಿಕ್ಕಿಸಿ ಇಬ್ಬರ ಕ್ಯಾಲ್ಕುಲೇಟರಿಗೂ ಕಳಿಸುತ್ತಿದ್ದ. ನಕ್ಷೆ ಬದಲಾದಾಗಲೆಲ್ಲ ಹೊಸದು ಬರುತ್ತಿತ್ತು. ಇದೇ ಹೆಸರಿನದು ಮೊದಲೇ ಇದೆ, ಅಳಿಸಲೇ ಎಂದು ಕ್ಯಾಲ್ಕುಲೇಟರ್ ಕೇಳುತ್ತದೆ. ಭೀಮಣ್ಣ ಹೌದು ಎಂಬ ಗುಂಡಿ ಒತ್ತುತ್ತಿದ್ದರು.

ಆಮೇಲೆ ಅವರದೊಂದು ಪದ್ಧತಿಯಿತ್ತು. ಪಿಂಪ್ರಿಯಲ್ಲಿ ತಾವು ಮೊದಲು ಗುರುತಿಸಿದ ತಿರುವಿನ ಅಂಕಿಗಳನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟು ನೋಡುವುದು. ಆ ತಿರುವಿನ ತ್ರಿಜ್ಯ ಮುನ್ನೂರು ಮೀಟರ್, ಉತ್ತರ ಅವರಿಗೆ ಬಾಯಿಪಾಠ. ಅದು ಸರಿ ಬಂದರೆ ಕ್ಯಾಲ್ಕುಲೇಟರನ್ನು ಹಣೆಗೆ ಮುಟ್ಟಿಸಿಕೊಂಡು ಹೊರಡುವರು.

"ಬಲಕ್ಕ ಹೂ ಬಿತ್ತೇನ್ ಭೀಮಣ್ಣಾ?" ದೇವರ ಅಪ್ಪಣೆ ಆಯಿತೇ ಎಂಬಂತೆ ಮಾಂತು ಕೇಳುತ್ತಿದ್ದ.

"ಬಿತ್ರಿ. ನಡೀರಿ ಹೋಗೂಣು."

ಸೇತುವೆ ಮುಗಿದ ಮೇಲೆ ಒಬ್ಬನೇ ಅಳತೆಗಾರ ಉಳಿಯುತ್ತಾನೆ ಎಂದು ಎಂಜಿನಿಯರ್ ಮಧುಕರ ಆಗಲೇ ಹೇಳಿದ್ದರು. ಇನ್ನೊಬ್ಬ ಪಟ್ಟಿ ಹಿಡಿಯಬೇಕು, ಇಲ್ಲವೇ ಬೇರೆ ಕೆಲಸ ನೋಡಿಕೊಳ್ಳಬೇಕು. ಅವರ ಮನಸ್ಸು ಭೀಮಣ್ಣನ ಕಡೆಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು.

ಮಾಂತು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ. ತ್ರಿಜ್ಯ ಮುನ್ನೂರಾದರೆ ಸರಿಯಾದ ಉತ್ತರ. ಬೇರೆ ಏನಿದ್ದರೂ ಅರ್ಧ ಮೀಟರ್ ಆಚೆ. ಅದನ್ನು ಭೀಮಣ್ಣನ ಕ್ಯಾಲ್ಕುಲೇಟರಿಗೆ ಮಾತ್ರ ಕಳಿಸಿದ. ಭೀಮಣ್ಣ ಗುಂಡಿ ಒತ್ತಿದರು, ತಮ್ಮ ತಿರುವನ್ನು ಕೇಳಿದರು, ಹಣೆಗೆ ಮುಟ್ಟಿಸಿಕೊಂಡರು. ಆಫೀಸಿನಲ್ಲಿದ್ದವರು ನಗು ತಡೆಯಲು ಗೋಡೆ ಕಡೆ ತಿರುಗಿದರು.

"ಬರೇ ಚೇಷ್ಟಿರಿ. ಚಾ ಕುಡಿಯೂ ಮುಂದ ಹೇಳಿ ನಗೂದಿತ್ತು," ಎನ್ನುತ್ತಾನೆ ಮಾಂತು ಈಗ. ಅವನು ಇದನ್ನು ಮುಚ್ಚಿಡುವುದಿಲ್ಲ.

ಗೂಟ ಹೊಡೆದ ಮೇಲೆ ಚಹಾ ಬಂತು. ಎಲ್ಲರೂ ಕುಡಿದರು. ಕಬ್ಬಿಣ ಕಟ್ಟಿದರು. ಮಿಕ್ಸರ್ ತಿರುಗಿತು. ಸಾಬವ್ವ ಕಾಂಕ್ರೀಟಿನ ಬುಟ್ಟಿ ಹೊತ್ತು, ಜೊತೆಯ ಹೆಂಗಸರಿಗೆ "ನಮ್ಮವ್ರು ಗೂಟ ಹೊಡದ ಜಾಗ ಅದ, ಚಂದಾಗಿ ಸುರೀರಿ" ಎಂದರು. ಮಾಂತು ಅಲ್ಲೇ ನಿಂತಿದ್ದ. ಆಗಲೂ ಯಾಕೆ ಹೇಳಲಿಲ್ಲ?

"ಯಾರೂ ಕೇಳಲಿಲ್ರಿ."

ಬಲದಂಡೆಯನ್ನು ಅಳೆದವನು ಮಾಂತು. ಅಲ್ಲಿಯ ಪಾಯ ಎದ್ದಾಗ ಎರಡೂ ಎದುರುಬದುರಾಗಿಲ್ಲ ಎಂಬುದು ಬರಿಗಣ್ಣಿಗೇ ಕಂಡಿತು. ಮಧುಕರ ಭೀಮಣ್ಣನನ್ನು ಕರೆಸಿದರು. ಭೀಮಣ್ಣ ಚೀಲ ಬಿಚ್ಚಿ, ತಮ್ಮ ಮುನ್ನೂರನ್ನು ಒತ್ತಿ, ಉತ್ತರವನ್ನು ಅವರ ಮುಖಕ್ಕೆ ಹಿಡಿದರು. ಮಶಿನ್ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಯಾರದು ಎಂದು ಮಧುಕರ ಮರಾಠಿಯಲ್ಲಿ ಕೇಳಿದರು. ಭೀಮಣ್ಣ ಇನ್ನೊಮ್ಮೆ ಮುನ್ನೂರನ್ನು ಒತ್ತಿ ನೋಡಿದರು.

"ಮಾಝೀಚ್, ಸಾಹೇಬ್," ಎಂದರು. ನನ್ನದೇ.

ಮತ್ತೆ ಪಟ್ಟಿ ಹಿಡಿದರು. ದುರ್ಬೀನಿನ ಹಿಂದೆ ಮಾಂತು. ಬೇಕಾದ್ದಕ್ಕಿಂತ ಹೆಚ್ಚು ಸಲ ಕೈ ಆಡಿಸಿ ಅವರನ್ನು ಹಳ್ಳದ ರಾಡಿಗೆ ಇಳಿಸುತ್ತಿದ್ದ, ಹತ್ತಿಸುತ್ತಿದ್ದ, ಮತ್ತೆ ಇಳಿಸುತ್ತಿದ್ದ. "ಇನ್ನೊಂಚೂರು ಸರೀರಿ ಭೀಮಣ್ಣ, ಅರ್ಧಾ ಮೀಟರ್!" ಎಂದು ಕೂಗಿದಾಗಲೆಲ್ಲ ಆಳುಗಳು ನಗುತ್ತಿದ್ದರು. ತಮ್ಮ ತಪ್ಪಿಗೆ ನಗುತ್ತಾರೆಂದು ಭೀಮಣ್ಣ ತಲೆ ತಗ್ಗಿಸುತ್ತಿದ್ದರು.

ಪಾಯ ಒಡೆಯುವಾಗಲೇ ಒಬ್ಬಾಕೆ ಸಾಬವ್ವನ ಕಿವಿಗೆ ಎಲ್ಲ ಹೇಳಿದ್ದಳು. ಸಾಬವ್ವ ಗಂಡನಿಗೆ ಹೇಳಲಿಲ್ಲ. "ಹೇಳಿದ್ರ ಅವನ ತಲಿ ಮ್ಯಾಲ ಕಲ್ಲ ಎತ್ತಿ ಹಾಕ್ತಿದ್ರು. ಆ ಪಟ್ಟಿನೂ ಹೋಗ್ತಿತ್ತು," ಎನ್ನುತ್ತಾರೆ.

ಭೀಮಣ್ಣ ಪಟ್ಟಿ ಹಿಡಿಯುತ್ತಲೇ ಮುದುಕರಾಗಿ, ಹೋದ ವರ್ಷ ತೀರಿಕೊಂಡರು. ಅಲ್ಲಿಯವರೆಗೂ ಕೆಲಸ ಮುಗಿಸಿ ಬಂದು ಚೀಲ ಬಿಚ್ಚಿ ಮುನ್ನೂರನ್ನು ಒತ್ತುತ್ತಿದ್ದರಂತೆ. ಪ್ರತಿ ಸಲವೂ ಸರಿ ಬರುತ್ತಿತ್ತು. ಆಗ ಬಲಗೈಯ ಬೆರಳುಗಳನ್ನು ನೆಲಕ್ಕೆ ಬಡಿದು, "ಇದು ಸುಳ್ಳ ಹೇಳಂಗಿಲ್ಲ. ನನ್ನ ಕೈನೇ ಕೆಟ್ಟದ. ಹೌದಲ್ಲೇನ?" ಎಂದು ಕೇಳುತ್ತಿದ್ದರು.

"ಹೌದ್ರಿ, ಅಂತಿದ್ದೆ," ಎಂದರು ಸಾಬವ್ವ.